ಮೊದಲ ಹತ್ತು ಹೆಜ್ಜೆ

ಮಚ್ಛೆಯ ಕಾರ್ಖಾನೆಯ ಗೇಟು ಕಾಯುತ್ತಿದ್ದ ಕಾಕಾನನ್ನು ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅಪ್ಪನಿಗಂತೂ ಅದಕ್ಕೆ ಕಾರಣವೂ ಇತ್ತು. ಅಪ್ಪ ಅದೇ ಕಾರ್ಖಾನೆಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಕೆಲಸದಲ್ಲಿದ್ದ. ಪಾಳಿ ಮುಗಿಸಿ ಹೊರಬೀಳುವಾಗ ಕಾಕಾ ಒಬ್ಬೊಬ್ಬರ ಊಟದ ಡಬ್ಬಿಯನ್ನೂ ತೆಗೆಸಿ ನೋಡುತ್ತಿದ್ದರು, ಯಾರಾದರೂ ಹಿತ್ತಾಳೆಯ ಚೂರೋ ಬೇರಿಂಗೋ ಇಟ್ಟುಕೊಂಡು ಹೋದಾರು ಎಂದು. ಹನ್ನೊಂದು ವರ್ಷದಲ್ಲಿ ಒಂದು ಮೊಳೆಯನ್ನೂ ಮನೆಗೆ ತಾರದ ಅಪ್ಪನ ಡಬ್ಬಿಯಲ್ಲೂ ಉಳಿದ ರೊಟ್ಟಿಯನ್ನು ಬೆರಳಿನಿಂದ ಎತ್ತಿ ಕೆಳಗೆ ಇಣುಕುತ್ತಿದ್ದರು. ಅಪ್ಪ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅದನ್ನು ಹೇಳಿ ಸಿಟ್ಟಾಗುತ್ತಿದ್ದ. ಅವ್ವ ಆ ರೊಟ್ಟಿಯನ್ನು ಯಾರೂ ತಿನ್ನದಂತೆ ಎಮ್ಮೆಗೆ ಹಾಕುತ್ತಿದ್ದಳು.

ಅದು ಎರಡು ಸಾವಿರದ ಇಸವಿಯ ಮಳೆಗಾಲ. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದೆ. ನಮ್ಮದು ಮೂಲದಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿ. ಅಜ್ಜ ಕುರಿ ಕಾಯ್ದವನು. ಅಪ್ಪ ಕುರಿಗಳನ್ನು ತನ್ನ ಅಣ್ಣನಿಗೆ ಬಿಟ್ಟು ಮಚ್ಛೆಗೆ ಕೆಲಸಕ್ಕೆ ಬಂದು, ಪೀರನವಾಡಿಯಲ್ಲಿ ಎರಡು ಕೋಣೆ ಕಟ್ಟಿಸಿದ್ದ. ನಾನು ಹೈಸ್ಕೂಲಿನಿಂದಲೂ ನೂರು ಮೀಟರ್ ಓಡುತ್ತಿದ್ದೆ. ಕಾಲೇಜಿನಲ್ಲಿ ಪಿ.ಟಿ. ಸರ್ ನನ್ನನ್ನು ತಂಡಕ್ಕೆ ಸೇರಿಸಿಕೊಂಡಿದ್ದರು. ಆದರೆ ನನ್ನ ಓಟದಲ್ಲಿ ಒಂದು ರೋಗವಿತ್ತು. ಕೊನೆಯ ಮೂವತ್ತು ಮೀಟರಿನಲ್ಲಿ ನಾನು ಯಾರನ್ನಾದರೂ ಹಿಂದೆ ಹಾಕುತ್ತಿದ್ದೆ, ಮೊದಲ ಮೂವತ್ತರಲ್ಲಿ ಎಲ್ಲರೂ ನನ್ನನ್ನು ಹಿಂದೆ ಹಾಕುತ್ತಿದ್ದರು. ಹೀಗಾಗಿ ಯಾವಾಗಲೂ ಮೂರನೆಯವಳು, ಇಲ್ಲವೇ ನಾಲ್ಕನೆಯವಳು. ಸರ್ ಅದಕ್ಕೆ ಕೊಟ್ಟ ಮದ್ದು ಎಂದರೆ ಇನ್ನೂ ನಾಲ್ಕು ಸುತ್ತು ಹಾಕು ಎಂಬುದು. ಸುತ್ತು ಹಾಕಿ ಹಾಕಿ ದಮ್ಮು ಬೆಳೆಯಿತೇ ಹೊರತು ಹೊರಡುವುದು ಬದಲಾಗಲಿಲ್ಲ.

ಒಂದು ದಿನ ಅಪ್ಪ ಡಬ್ಬಿ ಮರೆತು ಹೋದ. ಅವ್ವ ನನ್ನನ್ನು ಕಳಿಸಿದಳು. ಖಾನಾಪುರ ಬಸ್ಸಿನಿಂದ ಮಚ್ಛೆಯಲ್ಲಿ ಇಳಿದಾಗ ಕಾರ್ಖಾನೆಯ ಊಟದ ಭೋಂಗಾ ಕೂಗುವುದರಲ್ಲಿತ್ತು. ಡಬ್ಬಿ ಹಿಡಿದುಕೊಂಡೇ ಓಡಿದೆ. ಗೇಟಿನಲ್ಲಿದ್ದ ಕಾಕಾ ನನ್ನನ್ನು ದೂರದಿಂದಲೇ ನೋಡುತ್ತಿದ್ದರು. ಹತ್ತಿರ ಬಂದ ಮೇಲೆ ಡಬ್ಬಿ ಇಸಿದುಕೊಂಡು, ಒಳಗೆ ಹೋಗುವ ಡಬ್ಬಿಯನ್ನೂ ತೆಗೆದು ನೋಡಿ ಮುಚ್ಚಿದರು. ಆಮೇಲೆ ಯಾವ ಕಾಲೇಜು, ಏನು ಓಡುತ್ತಿ ಎಂದು ಕೇಳಿದರು. ಹೇಳಿದೆ.

"ತಂಗಿ, ನೀ ಹೊಂಡೂದಕ್ಕ ಮೊದಲ ಎದ್ದ ನಿಂದರ್ತಿ. ಎದ್ದ ನಿಂತ ಮ್ಯಾಲ ಓಡ್ತಿ. ಅಷ್ಟರಾಗ ಅರ್ಧ ಓಟ ಮುಗದಿರ್ತೈತಿ" ಅಂದರು.

ಡಬ್ಬಿ ಕೊಡಲು ಬಂದವಳ ಓಟವನ್ನು ಈ ಮನುಷ್ಯ ಯಾಕೆ ಅಷ್ಟು ನಿಗಾ ಇಟ್ಟು ನೋಡಿದ ಎಂದು ನನಗೆ ಸಂಶಯ ಬಂತು. ಆದರೆ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಅವರು ಕೈಯಲ್ಲಿದ್ದ ಲಾಠಿಯಿಂದ ನೆಲದ ಮೇಲೆ ನನ್ನದೇ ಚಪ್ಪಲಿಯ ಗುರುತು ತೋರಿಸಿದರು. ಮೊದಲ ಹೆಜ್ಜೆ ಬಹಳ ದೂರ ಬಿದ್ದಿತ್ತು, ಹಿಮ್ಮಡಿ ಮಣ್ಣಿನಲ್ಲಿ ಕುಳಿ ತೋಡಿತ್ತು. ಕಾಲು ಮೂಗಿನ ಮುಂದೆ ಬಿದ್ದರೆ ಅದು ಬ್ರೇಕು, ಸೊಂಟದ ಕೆಳಗೆ ಬಿದ್ದರೆ ಅದು ಒದೆತ ಎಂದು ಹೇಳಿದರು. ಮುಂದಿನ ನೆಲವನ್ನು ಹಿಡಿಯಲು ಹೋಗಬಾರದು, ಕೆಳಗಿನ ನೆಲವನ್ನು ಹಿಂದಕ್ಕೆ ತಳ್ಳಬೇಕು. ಬೇಕಿದ್ದರೆ ಬೆಳಿಗ್ಗೆ ಬಾ, ನನ್ನ ಪಾಳಿ ಹತ್ತಕ್ಕೆ ಸುರು ಆಗುತ್ತದೆ, ಅಲ್ಲಿಯವರೆಗೆ ಕಲಿಸುತ್ತೇನೆ ಅಂದರು.

ಮನೆಯಲ್ಲಿ ಹೇಳಿದಾಗ ಅಪ್ಪ ಎದ್ದು ಹೊರಗೆ ಹೋದ. ಅವ್ವ ಮಾತ್ರ ಬಹಳ ಪ್ರಶ್ನೆ ಕೇಳಿದಳು. ಏನು ತಗೋತಾರಂತೆ ಎಂದಳು. ಏನೂ ಇಲ್ಲವಂತೆ ಎಂದೆ. ಆ ಉತ್ತರವೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸಿತು. ಬೆಳೆದ ಹುಡುಗಿಗೆ ಯಾವ ಗಂಡಸೂ ಪುಕ್ಕಟೆ ಏನನ್ನೂ ಕಲಿಸುವುದಿಲ್ಲ ಎಂಬುದು ಅವಳ ಲೆಕ್ಕ. ಕಡೆಗೆ ಒಂದು ಕರಾರು ಮಾಡಿದಳು. ಅವಳೂ ಬರುತ್ತಾಳೆ, ಮುಗಿಯುವವರೆಗೆ ಅಲ್ಲೇ ಕೂಡುತ್ತಾಳೆ. ಕಾಕಾ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. "ಬರ್ರಿ ಅಕ್ಕಾರ, ನೀವ ಬಂದ್ರ ನನಗೂ ಚಲೋ" ಅಂದರು.

ಮಳೆ ಕಡಿಮೆಯಾದ ಮೇಲೆ ಸುರುವಾಯಿತು. ಮಚ್ಛೆಯಲ್ಲಿ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯ ಮುಂದೆ ಗಟ್ಟಿ ನೆಲದ ಬಯಲಿತ್ತು, ಬಾಜುವಿಗೆ ಉದ್ದದ ಕಂಪೌಂಡ್ ಗೋಡೆ. ಅವ್ವ ಮೆಂತ್ಯ ಪಲ್ಲೆಯ ಸೂಡು ತಂದು, ಕಲ್ಲಿನ ಮೇಲೆ ಕೂತು ಎಲೆ ಬಿಡಿಸುತ್ತಿದ್ದಳು. ಕಣ್ಣು ಮಾತ್ರ ಪಲ್ಲೆಯ ಮೇಲೆ ಇರುತ್ತಿರಲಿಲ್ಲ.

ಮೊದಲ ವಾರ ಕಾಕಾ ನನ್ನನ್ನು ಓಡಲಿಕ್ಕೇ ಬಿಡಲಿಲ್ಲ. ಗೋಡೆಗೆ ಎರಡೂ ಕೈ ಊರಿ, ಹಲಗೆಯನ್ನು ಓರೆಯಾಗಿ ಆನಿಸಿ ಇಟ್ಟ ಹಾಗೆ ಮೈಯನ್ನು ನಿಲ್ಲಿಸಬೇಕು. ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದೇ ಗೆರೆ. ಒಂದು ಮೊಣಕಾಲು ಎತ್ತಿ ಹಿಡಿದು ನಿಲ್ಲಬೇಕು, ಅವರು ಹೂಂ ಅಂದಾಗ ಕಾಲು ಬದಲಿಸಬೇಕು. ಒಂದು ಸಲ, ಆಮೇಲೆ ಒಂದೇ ಉಸಿರಿಗೆ ಮೂರು ಸಲ. ಸೊಂಟ ಹಿಂದೆ ಹೋದರೆ ಲಾಠಿಯ ತುದಿಯಿಂದ ಗಾಳಿಯಲ್ಲೇ ಗೆರೆ ಎಳೆದು ತೋರಿಸುವರು, ಮೈ ಮುಟ್ಟುತ್ತಿರಲಿಲ್ಲ. ಗೋಡೆ ತಳ್ಳುವುದನ್ನು ಕಂಡು ಕೆಲಸಕ್ಕೆ ಹೋಗುತ್ತಿದ್ದವರು ನಗುತ್ತಿದ್ದರು. ಎರಡನೇ ವಾರ ನೆಟ್ಟಗೆ ನಿಂತು, ಕಡಿದ ಮರದ ಹಾಗೆ ಮುಂದಕ್ಕೆ ಬೀಳುತ್ತ ಬೀಳುತ್ತ, ಇನ್ನೇನು ಮುಗ್ಗರಿಸಬೇಕು ಅನ್ನುವಾಗ ಓಡುವುದು. ಆಮೇಲೆ ಒಂದು ಮೊಣಕಾಲು ನೆಲಕ್ಕೆ ಊರಿ ಅಲ್ಲಿಂದ ಹೊರಡುವುದು, ಬೋರಲು ಮಲಗಿ ಅಲ್ಲಿಂದ ಹೊರಡುವುದು. ಎಲ್ಲವೂ ಹತ್ತು ಹೆಜ್ಜೆ, ಹೆಚ್ಚೆಂದರೆ ಇಪ್ಪತ್ತು. ತಲೆ ಮೇಲೆತ್ತಿ ಮುಂದೆ ನೋಡುವಂತಿಲ್ಲ. ಗದ್ದ ಎತ್ತಿದರೆ ಎದೆ ಏಳುತ್ತದೆ, ಎದೆ ಎದ್ದರೆ ಒದೆತ ಹೋಗುತ್ತದೆ. ಕೈ ಕೂಡ ಸಣ್ಣಗೆ ಆಡಿಸುವಂತಿಲ್ಲ, ಹಿಂದಕ್ಕೆ ಜೋರಾಗಿ ಬೀಸಬೇಕು, ಮುಂದಿನದು ತಾನೇ ಬರುತ್ತದೆ.

ಪ್ರತಿ ಓಟದ ನಂತರ ಅವರು ನನ್ನನ್ನು ಮೂರು ನಿಮಿಷ ಸುಮ್ಮನೆ ಕೂಡ್ರಿಸುತ್ತಿದ್ದರು. ನನಗೆ ದಣಿವೇ ಆಗಿರುತ್ತಿರಲಿಲ್ಲ. ಹತ್ತು ಹೆಜ್ಜೆ ಓಡಿ ಮೂರು ನಿಮಿಷ ಕೂಡುವುದು ಯಾವ ವ್ಯಾಯಾಮ? ಕಾಲೇಜಿನಲ್ಲಿ ಸದಾಶಿವನಗರದ ಒಬ್ಬ ಹುಡುಗಿ ಬೆವರು ಸುರಿಸಿ ಸುತ್ತು ಹಾಕುತ್ತಿದ್ದಳು. ನಮ್ಮ ಕಾಲೇಜಿನಲ್ಲಿ ನೂರು ಮೀಟರಿಗೆ ಮೊದಲ ಹೆಸರು ಅವಳದು. ಓಡುವ ಮುಂಚೆ ಕೊರಳಲ್ಲಿಯ ಲಿಂಗದ ಕರಡಿಗೆ ಅಲ್ಲಾಡದ ಹಾಗೆ ಒಂದು ಬಟ್ಟೆಯಿಂದ ಮೈಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು, ಕಾಲಿಗೆ ಮೊಳೆಯ ಬೂಟು. ಅವಳು ಬೆಳೆಯುತ್ತಿದ್ದಾಳೆ, ನಾನು ಕೂತಿದ್ದೇನೆ ಅನ್ನಿಸುತ್ತಿತ್ತು. ಈ ಕಾಕಾನಿಗೆ ನಿಜವಾಗಿ ಏನೂ ಗೊತ್ತಿಲ್ಲ, ಹೊತ್ತು ಕಳೆಯಲು ನನ್ನನ್ನು ಇಟ್ಟುಕೊಂಡಿದ್ದಾರೆ ಎಂಬ ಗುಮಾನಿ ದಿನೇ ದಿನೇ ಬೆಳೆಯಿತು. ಕೇಳಿದರೆ, ದಣಿದ ಕಾಲು ತಪ್ಪು ಕಲಿಯುತ್ತದೆ, ತಾಜಾ ಕಾಲು ಮಾತ್ರ ಒದೆಯುವುದನ್ನು ಕಲಿಯುತ್ತದೆ ಅನ್ನುವರು.

ದೀಪಾವಳಿಯ ಸೂಟಿಗೆ ನಾವು ಊರಿಗೆ ಹೋದೆವು. ಹೋಗುವ ಮುಂಚೆ ಕಾಕಾ ಹೇಳಿಕೊಟ್ಟಿದ್ದರು, ಬಹಳ ಕಡಿದಲ್ಲದ ಒಂದು ಏರು ಹುಡುಕು, ಇಪ್ಪತ್ತು ಹೆಜ್ಜೆ ಮೇಲಕ್ಕೆ ಓಡು, ನಡೆದು ಇಳಿ, ದಿನಕ್ಕೆ ಹನ್ನೆರಡು ಸಲ. ಏರಿನಲ್ಲಿ ಮೈ ತಾನಾಗಿ ಬಾಗುತ್ತದೆ, ಕಾಲು ತಾನಾಗಿ ಒದೆಯುತ್ತದೆ, ಬೇರೆ ಗುರು ಬೇಕಿಲ್ಲ ಎಂದು. ದೊಡ್ಡಪ್ಪನ ಕುರಿದೊಡ್ಡಿಯ ಹಿಂದೆ ಅಂಥ ಏರು ಇತ್ತು. ಮೂರು ದಿನ ಹನ್ನೆರಡು ಮಾಡಿದೆ. ನಾಲ್ಕನೆಯ ದಿನ ಎಂಟು ಮಾಡಿ ಬಂದೆ. ಮನೆಯ ಬಾಗಿಲಲ್ಲಿ ಅಜ್ಜಿ ಯಾರನ್ನೋ ನಿಲ್ಲಿಸಿಕೊಂಡು, ನೀವು ಯಾರ ಪೈಕಿ, ನಮ್ಮ ಹುಡುಗಿ ಕಡೆ ಏನು ಕೆಲಸ ಎಂದು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳುತ್ತಿದ್ದಳು. ಕಾಕಾ ನಿಂತಿದ್ದರು. ಮೊದಲ ಬಸ್ಸಿಗೆ ಬಂದು, ಹಾದಿಯ ಬದಿಯ ಗಿಡದ ಮರೆಯಲ್ಲಿ ನಿಂತು ನನ್ನ ಓಟ ಎಣಿಸಿದ್ದರು.

"ಹನ್ನೆರಡ ಹೇಳಿದ್ದೆ. ಎಂಟ ಮಾಡಿದಿ."

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅಂದೆ.

"ನಾ ಗೇಟಿನ ಮನಷ್ಯಾ ತಂಗಿ. ನಂಬಿಕಿ ಇದ್ರೂ ಡಬ್ಬಿ ತಗದ ನೋಡ್ತೀನಿ."

ಅಜ್ಜಿ ಅವರಿಗೆ ಚಹಾ ಕೊಟ್ಟಳು. ಅವರು ಹೋದ ಮೇಲೆ ಅವ್ವನನ್ನು ಒಳಗೆ ಕರೆದು ಏನೋ ಬೈದಳು. ನನಗೂ ಬಹಳ ಸಿಟ್ಟು ಬಂದಿತ್ತು. ಮರೆಯಲ್ಲಿ ನಿಂತು ನೋಡುವವನನ್ನು ಗುರು ಎಂದು ಹೇಗೆ ತಿಳಿಯುವುದು?

ಸೂಟಿ ಮುಗಿಸಿ ಕಾಲೇಜಿಗೆ ಹೋದಾಗ ಪಿ.ಟಿ. ಸರ್ ನನ್ನ ಹೊರಡುವ ಭಂಗಿ ಬದಲಾಗಿದ್ದನ್ನು ಗಮನಿಸಿದರು. ಯಾರು ಹೇಳಿಕೊಟ್ಟರು ಎಂದರು. ಹೇಳಿದೆ. ಅವರಿಗೆ ಕಾಕಾ ಗೊತ್ತಿದ್ದರು. ಅವನು ಒಂದು ಹೈಸ್ಕೂಲಿನಲ್ಲಿ ಜವಾನನಾಗಿದ್ದವನು, ಜೀವನದಲ್ಲಿ ಒಂದು ಓಟ ಓಡಿದವನಲ್ಲ, ಹುಷಾರಿಯಿಂದಿರು ಎಂದು ಹೇಳಿದರು. ಮರುದಿನ ಬೆಳಿಗ್ಗೆ ಬಯಲಿಗೆ ಹೋದವಳೇ ಕೇಳಿದೆ, ನೀವು ಎಲ್ಲಿ ಓಡಿದ್ದೀರಿ ಕಾಕಾ ಎಂದು. ಅವ್ವ ಪಲ್ಲೆ ಬಿಡಿಸುವುದನ್ನು ನಿಲ್ಲಿಸಿದಳು.

"ಎಲ್ಲೂ ಓಡಿಲ್ಲ" ಅಂದರು ಕಾಕಾ. "ಹದಿನೆಂಟ ವರ್ಷ ಓಟದ ಪಿಸ್ತೂಲು ಹಾರಿಸೀನಿ. ಮಾಸ್ತರಗೋಳಿಗೆ ಬಿಸಲಾಗ ನಿಂದ್ರೂದು ಬ್ಯಾಸರ, ನನ್ನ ಕೈಯಾಗ ಕೊಡತಿದ್ರು. ಯಾರ ಗೆದ್ರು ಅನ್ನೂದು ನನಗ ಕಡಿಕ ಯಾರರೆ ಹೇಳಿದ್ರ ಗೊತ್ತು. ಮೊದಲಿನ ಹತ್ತ ಹೆಜ್ಜಿ ಮಾತ್ರ ನನ್ನ ಕಣ್ಣಮುಂದ ಆಗತಿದ್ದು. ಯಾರ ಹೆಂಗ ಎದ್ರು, ಯಾರ ಕಾಲ ಎಲ್ಲಿ ಬಿತ್ತು, ಅದನ್ನಷ್ಟ ನೋಡೀನಿ. ಮುಂದಿಂದು ನನಗೂ ಗೊತ್ತಿಲ್ಲ, ಅದಕ್ಕ ನಿನಗ ಕಲಸೂದೂ ಇಲ್ಲ."

ಆ ಮಾತಿಗೆ ಅವ್ವ ಮೊದಲ ಸಲ ತಲೆ ಆಡಿಸಿದಳು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವನು ಮೋಸಗಾರ ಇರಲಿಕ್ಕಿಲ್ಲ ಎಂದು ಮನೆಗೆ ಬರುವಾಗ ಹೇಳಿದಳು. ನಾನು ಪೂರ್ತಿ ಒಪ್ಪಲಿಲ್ಲ, ಆದರೆ ಹೋಗುವುದನ್ನು ಬಿಡಲಿಲ್ಲ. ಬಿಡದಿರಲು ನನ್ನದೇ ಒಂದು ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಹೊರಡುವುದನ್ನು ಕಲಿಸುವಾಗ ಕಾಕಾ ಸೆಟ್ ಅಂದು, ಸ್ವಲ್ಪ ತಡೆದು, ಎರಡು ಹಲಗೆಯ ತುಂಡುಗಳನ್ನು ಫಟ್ಟೆಂದು ಬಡಿಯುತ್ತಿದ್ದರು. ನಡುವಿನ ಹೊತ್ತು ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ, ನಾನು ಅಂದಾಜು ಮಾಡಿ ಏಳಬಾರದು ಎಂದು. ಆದರೆ ದಸರಾದ ಹೊತ್ತಿಗೆ ನನಗೆ ಒಂದು ಸಂಗತಿ ಹೊಳೆದಿತ್ತು. ಹಲಗೆ ಬಡಿಯುವ ತುಸು ಮೊದಲು ಅವರು ಎಡಗಾಲಿನ ಮೇಲೆ ಭಾರ ಹಾಕುತ್ತಿದ್ದರು. ಟೈರಿನ ರಬ್ಬರಿನಿಂದ ಮಾಡಿದ ಅವರ ಚಪ್ಪಲಿ ನೆಲದ ಹರಳುಕಲ್ಲಿನ ಮೇಲೆ ಕರ್ರ್ ಅನ್ನುತ್ತಿತ್ತು. ನಾನು ಆ ಕರ್ರ್ ಕೇಳಿಸಿದೊಡನೆ ಏಳುತ್ತಿದ್ದೆ. ನನ್ನ ಕಿವಿ ಚುರುಕಾಯಿತು ಎಂದು ಕಾಕಾ ಅವ್ವನ ಮುಂದೆ ಹೊಗಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

ಇದರ ಜೊತೆಗೆ ಖರೇ ಕೆಲಸವೂ ನಡೆದಿತ್ತು. ಸೊಂಟಕ್ಕೆ ಹಗ್ಗ ಕಟ್ಟಿ, ಹಿಂದೆ ಸ್ಕೂಟರಿನ ಟೈರು, ಅದರೊಳಗೆ ಒಂದು ಕಲ್ಲು. ಅದನ್ನು ಎಳೆದುಕೊಂಡು ಹದಿನೈದು ಹೆಜ್ಜೆ ಓಡಿ, ಹಗ್ಗ ಬಿಚ್ಚಿ ಮತ್ತೆ ಹದಿನೈದು ಹೆಜ್ಜೆ. ಹಗ್ಗ ಬಿಚ್ಚಿದ ಮೇಲಿನ ಓಟದಲ್ಲಿ ಯಾರೋ ಹಿಂದಿನಿಂದ ನೂಕಿದ ಹಾಗಾಗುತ್ತಿತ್ತು. ಕಲ್ಲು ದೊಡ್ಡದು ಹಾಕಿಕೊಂಡರೆ ಕಾಕಾ ತೆಗೆಸುತ್ತಿದ್ದರು, ಓಟವೇ ಕೆಡುವಷ್ಟು ಭಾರ ಎಳೆಯುವುದು ಎತ್ತಿನ ಕೆಲಸ ಎಂದು. ನಿಂತಲ್ಲಿಂದ ಉದ್ದ ಜಿಗಿತ, ಮೊಣಕಾಲು ಮಡಚಿ ಕೂತು ಉಸುಕಿನ ಚೀಲವನ್ನು ಎರಡೂ ಕೈಯಿಂದ ಮುಂದಕ್ಕೆ ಎಸೆಯುವುದು, ಅದೂ ಇತ್ತು. ಜನವರಿಯ ಹೊತ್ತಿಗೆ ನನ್ನ ತೊಡೆ ಗಟ್ಟಿಯಾಗಿತ್ತು. ನನ್ನ ಮೊದಲ ಹೆಜ್ಜೆಯಲ್ಲಿ ಹಿಮ್ಮಡಿಯ ಗುರುತು ಮೂಡುತ್ತಿರಲಿಲ್ಲ, ಬೆರಳುಗಳದು ಮಾತ್ರ.

ಆ ವರ್ಷ ಕಾಲೇಜುಗಳ ಕ್ರೀಡಾಕೂಟ ಖಾನಾಪುರದ ಒಂದು ಮೈದಾನದಲ್ಲಿತ್ತು. ನೂರು ಮೀಟರಿನಲ್ಲಿ ಮೊದಲ ಇಬ್ಬರು ಮುಂದಿನ ಹಂತಕ್ಕೆ ಹೋಗುತ್ತಿದ್ದರು. ಅವ್ವನೂ ಕಾಕಾನೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ಬೆಳಗಿನ ಸುತ್ತಿನಲ್ಲಿ ನಾನು ಎರಡನೆಯವಳಾಗಿ ಫೈನಲಿಗೆ ಬಂದೆ. ಮಧ್ಯಾಹ್ನ ಪಿಸ್ತೂಲು ಹಾರಿಸುವ ಮಾಸ್ತರರಿಗೆ ಬಿಸಿಲಿನಿಂದ ತಲೆ ಸುತ್ತು ಬಂತು, ನೆರಳಿನಲ್ಲಿ ಮಲಗಿಸಿದರು. ಬೇರೆ ಯಾರೂ ತಯಾರಿರಲಿಲ್ಲ. ಸಮಿತಿಯಲ್ಲಿದ್ದ ಹಳಬರೊಬ್ಬರು ಕಾಕಾನ ಗುರುತು ಹಿಡಿದು ಕರೆದರು. ಕಾಕಾ ಮೊದಲು ಬೇಡ ಅಂದರಂತೆ. ಅವರು ಒತ್ತಾಯ ಮಾಡಿದ ಮೇಲೆ ಪಿಸ್ತೂಲು ತೆಗೆದುಕೊಂಡರು.

ನನಗೆ ಸಿಕ್ಕಿದ್ದು ಒಳಗಿನ ಮೊದಲ ಲೇನು. ಕಾಕಾ ನಿಂತದ್ದು ನನ್ನಿಂದ ನಾಲ್ಕು ಮಾರು ದೂರದಲ್ಲಿ. ಅವರು ನನ್ನ ಕಡೆ ನೋಡಲಿಲ್ಲ. ನಾನು ನೆಲಕ್ಕೆ ಬೆರಳು ಊರಿದೆ. ಸೆಟ್ ಅಂದರು. ಎಲ್ಲರೂ ಸೊಂಟ ಎತ್ತಿದೆವು. ಮೈದಾನ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಕರ್ರ್ ಎಂಬ ಚಪ್ಪಲಿಯ ಸಪ್ಪಳ ನನಗೆ ಸ್ಪಷ್ಟವಾಗಿ ಕೇಳಿಸಿತು.

ಪಿಸ್ತೂಲು ಹಾರಿದಾಗ ನನ್ನ ಕೈ ನೆಲ ಬಿಟ್ಟಾಗಿತ್ತು. ಮೂವತ್ತು ಮೀಟರಿನವರೆಗೆ ನನ್ನ ಬಾಜುವಿನಲ್ಲಿ ಯಾರ ಉಸಿರೂ ಇರಲಿಲ್ಲ. ಕೊನೆಯಲ್ಲಿ ಸದಾಶಿವನಗರದ ಹುಡುಗಿ ಹತ್ತಿರ ಬಂದಳು, ಆದರೆ ದಾರ ಹರಿದದ್ದು ನನ್ನ ಎದೆಗೆ. ನನ್ನ ಜೀವನದಲ್ಲಿ ಮೊದಲ ಸಲ ನಾನು ಮೊದಲು ಬಂದಿದ್ದೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

ಅರ್ಧ ತಾಸಿನ ನಂತರ ಮೈಕಿನಲ್ಲಿ ಹೇಳಿದರು. ಹುಡುಗಿಯರ ನೂರು ಮೀಟರಿನ ಬಗ್ಗೆ ಆಕ್ಷೇಪ ಬಂದಿದೆ, ಓಟವನ್ನು ಬೇರೆಯವರ ಕೈಯಿಂದ ಮತ್ತೊಮ್ಮೆ ಬಿಡಲಾಗುವುದು ಎಂದು. ಆಕ್ಷೇಪ ಯಾರದೆಂದು ಹೇಳಲಿಲ್ಲ. ಗೇಟಿನ ಮುದುಕ ತನ್ನ ಹುಡುಗಿಗೆ ಸನ್ನೆ ಮಾಡಿದನಂತೆ ಎಂಬ ಮಾತು ಮಾತ್ರ ಮೈದಾನದ ತುಂಬ ಹಬ್ಬಿತು. ನಾನು ತಿರುಗಿ ನೋಡಿದಾಗ ಸದಾಶಿವನಗರದ ಹುಡುಗಿಯ ಅಪ್ಪ ಸಮಿತಿಯ ಟೇಬಲ್ಲಿನ ಹತ್ತಿರ ನಿಂತಿದ್ದರು. ನನಗೆ ಅಷ್ಟೇ ಸಾಕಾಯಿತು.

ಎರಡನೇ ಸಲ ಪಿಸ್ತೂಲು ಹಿಡಿದದ್ದು ಪರವೂರಿನ ಒಬ್ಬ ಮಾಸ್ತರರು. ಸೆಟ್ ಅಂದ ಮೇಲೆ ನಾನು ಕಾಯುತ್ತಲೇ ಇದ್ದೆ, ಬಾರದ ಸಪ್ಪಳಕ್ಕಾಗಿ. ಪಿಸ್ತೂಲಿನ ಸದ್ದೇ ಬಂತು. ಎಲ್ಲರೂ ಎದ್ದ ಮೇಲೆ ನಾನು ಎದ್ದೆ. ಮೂರನೆಯವಳಾಗಿ ಮುಗಿಸಿದೆ. ಮುಂದಿನ ಹಂತಕ್ಕೆ ಹೋಗಲಿಲ್ಲ. ಕಾಕಾ ಬಸ್ಸಿನಲ್ಲಿ ನಮ್ಮ ಜೊತೆ ಕೂಡಲಿಲ್ಲ, ಮುಂದಿನ ಬಸ್ಸಿಗೆ ಬರುತ್ತೇನೆ ಅಂದರು.

ಮರುವಾರ ಕಾಲೇಜಿನ ಲೇಡೀಸ್ ರೂಮಿನಲ್ಲಿ, ನಾಲ್ಕಾರು ಹುಡುಗಿಯರ ಎದುರಿಗೇ, ನಾನು ಆ ಹುಡುಗಿಗೆ ಅಂದೆ, ಓಡಿ ಗೆಲ್ಲಲಾಗದವರು ಅಪ್ಪನನ್ನು ಕಳಿಸಿ ಗೆಲ್ಲುತ್ತಾರೆ ಎಂದು. ಅವಳು ಬೂಟಿನ ದಾರ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿ ಎದ್ದಳು.

"ನಾವ್ಯಾರೂ ಆಕ್ಷೇಪ ಕೊಟ್ಟಿಲ್ಲ. ಕೊಟ್ಟಿದ್ರ ನಿನ್ನ ಮುಂದನ ಹೇಳ್ತಿದ್ದೆ" ಅಂದಳು.

ನಾನು ನಂಬಲಿಲ್ಲ. ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟೆ. ಇತರರೂ ಬಿಡುವ ಹಾಗೆ ಮಾಡಿದೆ. ಅವಳು ಒಬ್ಬಳೇ ಕೂತು ಡಬ್ಬಿ ಉಣ್ಣುವುದನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಬಯಲಿಗೂ ಹೋಗುವುದನ್ನು ನಿಲ್ಲಿಸಿದ್ದೆ. ಪರೀಕ್ಷೆ ಎಂದು ನೆಪ ಹೇಳಿದ್ದೆ. ಕಾಕಾ ಅಪ್ಪನ ಡಬ್ಬಿ ನೋಡುವಾಗ ಹುಡುಗಿ ಹೇಗಿದ್ದಾಳೆ ಎಂದು ಕೇಳುತ್ತಾರೆಂದು ಅಪ್ಪ ಹೇಳುತ್ತಿದ್ದ.

ಪರೀಕ್ಷೆ ಮುಗಿದ ದಿನ ಪಿ.ಟಿ. ಸರ್ ಸಿಕ್ಕರು. ಮುಂದಿನ ವರ್ಷದ ಮಾತು ತೆಗೆದರು. ಮತ್ತೆ ಯಾರಾದರೂ ಆಕ್ಷೇಪ ಕೊಟ್ಟರೆ ಓಡಿ ಏನು ಉಪಯೋಗ ಅಂದೆ. ಅವರು ನನ್ನನ್ನೇ ನೋಡಿದರು. ನಿನಗೆ ಗೊತ್ತಿಲ್ಲವೇ ಎಂದರು. ಆಕ್ಷೇಪ ಕೊಟ್ಟವರು ಹೊರಗಿನವರಾರೂ ಅಲ್ಲ, ಪಿಸ್ತೂಲು ಹಾರಿಸಿದವನೇ ನೇರವಾಗಿ ಟೇಬಲ್ಲಿಗೆ ಬಂದು, ಮೊದಲ ಲೇನಿನ ಹುಡುಗಿಗೆ ಕಲಿಸುವವನು ನಾನು, ಈ ಓಟ ನನಗೆ ಸರಿ ಕಾಣಲಿಲ್ಲ, ಮತ್ತೊಮ್ಮೆ ಬಿಡಿರಿ ಎಂದು ಹೇಳಿದ. ಆ ಹುಡುಗಿಯ ಅಪ್ಪ ಟೇಬಲ್ಲಿಗೆ ಬಂದದ್ದು ನೀರು ಕೇಳಲು.

ನಾನು ಮನೆಗೆ ಹೋಗಲಿಲ್ಲ. ದಿನದ ಬಸ್ಸಿನಲ್ಲೇ ಪೀರನವಾಡಿ ದಾಟಿ ಮಚ್ಛೆಗೆ ಹೋದೆ. ಪಾಳಿ ಬಿಡಲು ಇನ್ನೂ ಹೊತ್ತಿತ್ತು. ಕಾಕಾ ಸ್ಟೂಲಿನ ಮೇಲೆ ಒಬ್ಬರೇ ಕೂತಿದ್ದರು.

"ಆಕ್ಷೇಪ ಕೊಟ್ಟಾವ್ರು ನೀವ ಏನ್ರಿ?"

"ಹೌದು. ನಾನ."

"ಯಾಕ್ರಿ ಕಾಕಾ?"

ಅವರು ಲಾಠಿಯನ್ನು ಗೋಡೆಗೆ ಆನಿಸಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು.

"ಸಪ್ಪಳ ಕಿವಿಗೆ ಮುಟ್ಟಬೇಕು, ಕಿವಿ ಕಾಲಿಗೆ ಹೇಳಬೇಕು. ಅದಕ್ಕ ಇಷ್ಟರೆ ಹೊತ್ತ ಬೇಕ. ಹದಿನೆಂಟ ವರ್ಷದಾಗ ಪಿಸ್ತೂಲಿನ ಜೋಡಿನ ಎದ್ದಾಕಿನ್ನ ನಾ ನೋಡಿಲ್ಲ. ನೀ ಹೊಗಿ ಬರೂದ್ರಾಗ ಎದ್ದಿದ್ದಿ. ಅಂದ್ರ ನನ್ನ ಬೆರಳು ನಿನ್ನ ದಾರಿ ಕಾಯ್ತು ಅಂತ ಸಂಶೆ ಬಂತು. ನೀ ಎದ್ದ ಮ್ಯಾಲ ಒತ್ತಿರಬೇಕು. ಅಂಥಾ ವ್ಯಾಳ್ಯಾದಾಗ ಎರಡನೇದು ಹಾರಿಸಿ ಎಲ್ಲಾರನ್ನೂ ವಾಪಸ್ ಕರೀಬೇಕು. ನಾ ಹಾರಿಸಲಿಲ್ಲ. ಯಾಕ ಹಾರಿಸಲಿಲ್ಲ ಅಂತ ನನಗೂ ಇನ್ನೂ ತಿಳದಿಲ್ಲ."

ಜಗತ್ತಿನ ಎಲ್ಲರ ಡಬ್ಬಿ ತೆಗೆದು ನೋಡುವ ಮನುಷ್ಯ ಎರಡು ತಿಂಗಳಿಂದ ತನ್ನ ಬೆರಳನ್ನೇ ಅನುಮಾನಿಸುತ್ತ ಕೂತಿದ್ದರು. ನನಗೆ ಅಳು ಬಂತು. ಅತ್ತರೆ ಹೇಳಲಾಗುವುದಿಲ್ಲ ಎಂದು ತಡೆದುಕೊಂಡೆ.

"ನಿಮ್ಮ ಬೆರಳಲ್ರಿ. ಚಪ್ಪಲಿ" ಅಂದೆ.

ಎಲ್ಲ ಹೇಳಿದೆ. ಎಡಗಾಲು, ಹರಳು, ಕರ್ರ್ ಅನ್ನುವ ಸಪ್ಪಳ. ಅವರು ತಮ್ಮ ಪಾದವನ್ನು ಬೇರೆಯವರದೆಂಬಂತೆ ನೋಡಿದರು. ಎಷ್ಟು ದಿನದಿಂದ ಎಂದು ಕೇಳಿದರು. ದಸರಾದಿಂದ ಅಂದೆ.

"ಮೂರ ತಿಂಗಳು ನಿನ್ನ ಕಿವಿ ಚಲೋ ಆತು ಅಂತ ತಿಳಕೊಂಡಿದ್ದೆ" ಎಂದಷ್ಟೇ ಅಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಸಮಿತಿಯವರಿಗೆ ಹೋಗಿ ಹೇಳಲೇ ಎಂದು ಕೇಳಿದೆ. ಅದು ನಿನ್ನ ವಿಚಾರ, ನಾನು ಹೇಳು ಅನ್ನುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ ಅಂದರು. ಅಷ್ಟರಲ್ಲಿ ಭೋಂಗಾ ಆಯಿತು. ಕೆಲಸದವರು ಬರತೊಡಗಿದರು, ಅವರು ಎದ್ದು ಡಬ್ಬಿ ನೋಡಲು ನಿಂತರು. ನಾನು ಹೊರಡುವಾಗ ಕರೆದು ಇನ್ನೊಂದು ಮಾತು ಹೇಳಿದರು. ಎರಡನೇ ಓಟದಲ್ಲಿ ನೀನು ಎಲ್ಲರ ಹಿಂದೆ ಎದ್ದೆ, ಹತ್ತನೇ ಹೆಜ್ಜೆಗೆ ಮೂವರನ್ನು ಹಿಡಿದಿದ್ದೆ, ಅದನ್ನು ಯಾವ ಚಪ್ಪಲಿಯೂ ಮಾಡಲಿಲ್ಲ, ನಿನ್ನ ಕಾಲೇ ಮಾಡಿತು, ಕಿವಿಯೊಂದನ್ನು ಹೊಸದಾಗಿ ಸುರು ಮಾಡೋಣ ಎಂದು.

ಸುರು ಮಾಡಿದೆವು. ಈ ಸಲ ಹಲಗೆ ಅವ್ವನ ಕೈಗೆ ಬಂತು. ಅವಳು ನನ್ನ ಬೆನ್ನ ಹಿಂದೆ ಬರಿಗಾಲಲ್ಲಿ ನಿಂತು, ತನಗೆ ತಿಳಿದಾಗ ಬಡಿಯುತ್ತಿದ್ದಳು. ಒಮ್ಮೊಮ್ಮೆ ಕಾಕಾ ದಾರಿಯಲ್ಲಿ ಹೋಗುವ ಕೆಲಸದವರನ್ನು ಕರೆದು ಅವರ ಕೈಯಿಂದ ಹಲಗೆ ಬಡಿಯಿಸುತ್ತಿದ್ದರು. ಮೊದಲ ತಿಂಗಳು ನಾನು ಹಳೆಯ ಹಾಗೆ ಎಲ್ಲರ ನಂತರ ಏಳುತ್ತಿದ್ದೆ. ನಿಧಾನವಾಗಿ ಸರಿಹೋಯಿತು.

ಆ ಹುಡುಗಿಗೆ ತಪ್ಪಾಯಿತು ಎಂದು ಹೇಳಲು ಇನ್ನೂ ಎರಡು ವಾರ ಹಿಡಿಯಿತು. ಅವಳು ಕ್ಷಮಿಸಿದೆ ಎಂದು ಹೇಳಲಿಲ್ಲ. ನೀನು ಗೋಡೆಗೆ ಕೈ ಕೊಟ್ಟು ಮಾಡುತ್ತೀಯಲ್ಲ, ಅದನ್ನು ನನಗೂ ತೋರಿಸು ಎಂದಳು. ನನಗೆ ಒಳಗೊಳಗೇ ಅನುಮಾನ, ಇವಳು ಅದಕ್ಕಾಗಿಯೇ ಕಾಯುತ್ತಿದ್ದಳೇ ಎಂದು. ಆದರೂ ತೋರಿಸಿದೆ. ಮರುವರ್ಷ ಅವಳು ಮೊದಲು ಬಂದಳು, ನಾನು ಅರ್ಧ ಹೆಜ್ಜೆ ಹಿಂದೆ ಎರಡನೆಯವಳು. ಇಬ್ಬರೂ ಮುಂದಿನ ಹಂತಕ್ಕೆ ಹೋದೆವು. ಅಲ್ಲಿ ನಾನು ಮೊದಲ ಸುತ್ತಿನಲ್ಲೇ ಹೊರಬಿದ್ದೆ, ಅವಳು ಫೈನಲಿಗೆ ಹೋಗಿ ನಾಲ್ಕನೆಯವಳಾದಳು. ಕಲಿಸಿದ್ದಕ್ಕೆ ನನಗೆ ಒಂದು ವಾರ ಹೊಟ್ಟೆ ಉರಿಯಿತು, ಆಮೇಲೆ ಹೋಯಿತು.

ಸಮಿತಿಯವರಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಆ ಮೊದಲ ಓಟ ಹೇಗೂ ರದ್ದಾಗಿದೆ, ಹೇಳಿ ಯಾರಿಗೇನು ಲಾಭ ಎಂದು ನನಗೆ ನಾನೇ ಹೇಳಿಕೊಂಡೆ. ಬಿ.ಎ. ಮುಗಿಯುವವರೆಗೆ ಪ್ರತಿ ವರ್ಷ ಹೇಳಬೇಕೆಂದುಕೊಂಡೆ, ಪ್ರತಿ ವರ್ಷ ಬಿಟ್ಟೆ. ತಾನು ಕಲಿಸಿದ ಹುಡುಗಿಗೆ ಪಿಸ್ತೂಲು ತಡೆದು ಹಾರಿಸಿದವನು ಎಂಬ ಮಾತು ಕಾಕಾನ ಮೇಲೆ ಉಳಿದುಬಿಟ್ಟಿತು. ಆಮೇಲೆ ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ ಯಾವ ಕೂಟದಲ್ಲೂ ಅವರನ್ನು ಯಾರೂ ಕರೆಯಲಿಲ್ಲ. ಅವರು ಅದರ ಬಗ್ಗೆ ನನ್ನ ಹತ್ತಿರ ಒಂದು ಸಲವೂ ಮಾತು ತೆಗೆಯಲಿಲ್ಲ.